ಅಂಚಿನ ಲೆಕ್ಕದ ಮೇಡಂ

ಹೋದ ತಿಂಗಳು ನಮ್ಮ ಮೇಡಂ ರಿಟೈರ್ ಆದರು. ಕಾರ್ಖಾನೆಯ ಶೆಡ್ಡಿನ ಒಳಗೇ ಶಾಮಿಯಾನದ ಬಟ್ಟೆ ಕಟ್ಟಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಒಬ್ಬೊಬ್ಬರೇ ಮೈಕ್ ಹಿಡಿದು ಸುಳ್ಳು ಹೇಳಿದರು. ಸರಳ ಸಜ್ಜನಿಕೆಯ ವ್ಯಕ್ತಿ ಅಂದರು. ಮೃದುಭಾಷಿ ಅಂದರು. ಮೃದುಭಾಷಿಯಂತೆ. ಮಿಷನ್ನುಗಳೆಲ್ಲ ಒಟ್ಟಿಗೆ ಬಡಿಯುವಾಗ ಶೆಡ್ಡಿನ ಆ ಕೊನೆಯಿಂದ ಈ ಕೊನೆಗೆ ಕೇಳುವ ಹಾಗೆ ಕೂಗುವ ಹೆಂಗಸು ಇಡೀ ಪೀಣ್ಯದಲ್ಲಿ ಇನ್ನೊಬ್ಬರಿದ್ದರೆ ತೋರಿಸಲಿ, ನಾನು ಮೀಸೆ ಬೋಳಿಸಿಕೊಳ್ತೀನಿ. ಅಲ್ಲೇ ಎದ್ದು ನಿಂತು ಹೇಳಿಬಿಡಬೇಕು ಅಂತಿತ್ತು. ಮೈಕ್ ಕೈಗೆ ಬಂದಾಗ ಬರೀ ನಮಸ್ಕಾರ ಅಂದು ಪಕ್ಕದವರಿಗೆ ದಾಟಿಸಿಬಿಟ್ಟೆ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಮ್ಮದು ತಗಡು ಕತ್ತರಿಸಿ ಬಗೆಬಗೆಯ ಭಾಗಗಳನ್ನು ಮಾಡಿಕೊಡುವ ಚಿಕ್ಕ ಕಾರ್ಖಾನೆ. ಪ್ರೆಸ್ ಅಂದರೆ ಆಳಿಗಿಂತ ಎತ್ತರದ ಮಿಷನ್ನು. ಅದಕ್ಕೆ ಟೂಲ್ ಕೂರಿಸುತ್ತಾರೆ. ಟೂಲಿನಲ್ಲಿ ಮೇಲಿನಿಂದ ಇಳಿಯುವುದು ಪಂಚ್, ಕೆಳಗೆ ಬಾಯಿ ತೆರೆದುಕೊಂಡು ಕಾಯುವುದು ಡೈ. ನಡುವೆ ಶೀಟ್ ಇಟ್ಟು ಬಟನ್ ಒತ್ತಿದರೆ ಬೇಕಾದ ಆಕಾರ ಕಟ್ ಆಗಿ ಬೀಳುತ್ತದೆ. ಇದಕ್ಕೆ ಎಷ್ಟು ಟನ್ ಬಲ ಬೇಕು ಅಂತ ಮೊದಲೇ ಲೆಕ್ಕ ಹಾಕಬೇಕು. ನೂರು ಟನ್ನಿನ ಪ್ರೆಸ್ಸಿನ ಕೈಲಿ ಅದಕ್ಕಿಂತ ಜಾಸ್ತಿ ದುಡಿಸಿಕೊಂಡರೆ ಅದು ಸುಮ್ಮನೆ ದುಡಿದು, ಒಂದಿನ ಸೇಡು ತೀರಿಸಿಕೊಳ್ಳುತ್ತದೆ. ಆ ಲೆಕ್ಕ ಮೇಡಂ ಕೆಲಸ. ಬಿದ್ದ ಭಾಗ ಸರಿಯಾಗಿದೆಯಾ ಅಂತ ಅಳೆದು ನೋಡುವ ಕ್ವಾಲಿಟಿ ಕೆಲಸ ನನ್ನದು. ನಮ್ಮಿಬ್ಬರ ಮೇಜು ಅಕ್ಕಪಕ್ಕ. ಹಾಗಾಗಿ ಅವರ ಕೂಗಾಟದ ಮೊದಲ ಪೆಟ್ಟು ನನ್ನ ಕಿವಿಗೇ ಬೀಳುತ್ತಿತ್ತು.

ಅವರು ಕೆಲಸಕ್ಕೆ ಸೇರಿದ ದಿನವೇ ನನ್ನ ತಟ್ಟೆ ಇಡ್ಲಿಗೆ ಕೈ ಹಾಕಿದರು. ಗುರುತಿಲ್ಲ, ಪರಿಚಯವಿಲ್ಲ. ಇಡ್ಲಿ ಸುತ್ತ ಬೆರಳು ಓಡಿಸಿ, "ಏನ್ರೀ, ಇದು ತಗಡು ಅಂದ್ಕೊಳ್ಳಿ. ಕತ್ತರಿಸೋಕೆ ಎಷ್ಟು ಬಲ ಬೇಕು ಅಂತ ಯಾವುದನ್ನ ನೋಡಿ ಹೇಳ್ತೀರಿ?" ಅಂದರು.

"ಎಷ್ಟು ದೊಡ್ಡದಿದೆ ಅಂತ ನೋಡಿ ಹೇಳ್ತೀನಿ ಮೇಡಂ," ಅಂದೆ.

"ಹೊಟ್ಟೆ ನೋಡ್ಬೇಡ್ರೀ, ಅಂಚು ನೋಡಿ. ಪಂಚ್ ಹೊಟ್ಟೇನ ಕತ್ತರಿಸಲ್ಲ, ಅಂಚನ್ನ ಕತ್ತರಿಸುತ್ತೆ."

ಇಡ್ಲಿ ತಣ್ಣಗಾಯಿತು. ಪಾಠ ಮಾತ್ರ ತಲೆಯಲ್ಲಿ ಉಳಿಯಿತು. ಅಂಚಿನ ಉದ್ದ, ತಗಡಿನ ದಪ್ಪ, ತಗಡಿನ ಹಟ, ಈ ಮೂರನ್ನೂ ಗುಣಿಸಿದರೆ ಬೇಕಾದ ಬಲ ಸಿಗುತ್ತದೆ. ಹಟ ಅನ್ನುವುದು ಅವರದೇ ಮಾತು. ಕತ್ತರಿಸಿಕೊಳ್ಳಲು ಲೋಹ ಎಷ್ಟು ಎದುರು ನಿಲ್ಲುತ್ತದೆ ಅನ್ನುವುದಕ್ಕೆ ಪುಸ್ತಕದಲ್ಲಿ ದೊಡ್ಡ ಹೆಸರಿದೆ, ಅವರು ಹಟ ಅಂತಲೇ ಕರೆಯುತ್ತಿದ್ದರು. ಅಲ್ಯೂಮಿನಿಯಮ್ಮಿಗೆ ಹಟ ಕಮ್ಮಿ, ಮಾತಿಗೆ ಬಗ್ಗುತ್ತೆ. ಕಬ್ಬಿಣದ್ದು ಮಧ್ಯಮ. "ಸ್ಟೇನ್‌ಲೆಸ್ ಸ್ಟೀಲು ಅಂದ್ರೆ ನಮ್ಮತ್ತೆ ಕಣ್ರೀ, ಹೊಳೆಯೋದೂ ಹಂಗೇ, ಹಟಾನೂ ಹಂಗೇ," ಅನ್ನೋರು. ಆ ಅತ್ತೆಯನ್ನು ಒಮ್ಮೆ ಬಾಗಲಗುಂಟೆಯ ಅವರ ಮನೆಯಲ್ಲಿ ನೋಡಿದೆ. ಸೊಸೆ ನಿಮ್ಮನ್ನ ಹೀಗಂತಾರೆ ಅಂತ ಚಾಡಿ ಹೇಳಿದರೆ ಆ ತಾಯಿ ನಕ್ಕು, "ನನ್ನ ಎದುರಿಗೇ ಹೇಳ್ತಾಳಪ್ಪ. ಇವಳೇನು ಅಲ್ಯೂಮಿನಿಯಮ್ಮಾ ಕೇಳು," ಅಂದರು.

ಅವರಿಗೆ ಲೆಕ್ಕ ಅಂದರೆ ಒಂಥರಾ ಹಬ್ಬ. ಉತ್ತರ ಬಂತೆಂದರೆ ಮೇಜಿಗೆ ಗುದ್ದಬೇಕು. ಗುದ್ದಿದಾಗ ಚೆಲ್ಲುತ್ತಿದ್ದದ್ದು ನನ್ನ ಟೀ, ಅವರದಲ್ಲ, ಅವರು ಮೊದಲೇ ಕುಡಿದಿರುತ್ತಿದ್ದರು. ಒಂದು ಸಲ ಬಸ್ಸಿನಲ್ಲಿ ಹೋಗುವಾಗ ಬಾಗಿಲ ಪಕ್ಕದ ತಗಡು ನೋಡುತ್ತಾ ಮನಸ್ಸಿನಲ್ಲೇ ಗುಣಿಸುತ್ತಿದ್ದರಂತೆ. ಕಂಡಕ್ಟರ್ ಬಂದು "ಎಲ್ಲಿಗಮ್ಮಾ" ಅಂದರೆ "ಮೂವತ್ತೆಂಟು ಟನ್" ಅಂದುಬಿಟ್ಟರಂತೆ. ಆತ ಮುಖ ನೋಡಿ, ಪಾಪ ಅಂತ ಕೊನೇ ಸ್ಟಾಪಿಗೇ ಟಿಕೆಟ್ ಹರಿದುಕೊಟ್ಟನಂತೆ. ಇದನ್ನು ನಮಗೆ ಹೇಳಿದವರೂ ಅವರೇ. ಹೇಳುವಾಗ ನಗು ತಡೆಯಲಾರದೆ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಗೌರಿ ಹಬ್ಬಕ್ಕೆ ಕರ್ಜಿಕಾಯಿ ತಂದರೆ ಅದರಲ್ಲೂ ಇದೇ ಕಥೆ. ಕಣಕ ಲಟ್ಟಿಸಿ ಡಬ್ಬಿ ಮುಚ್ಚಳದಲ್ಲಿ ಕತ್ತರಿಸ್ತಾರಲ್ಲ, ಮುಚ್ಚಳವನ್ನು ನೇರ ಒತ್ತಿದರೆ ಇಡೀ ಅಂಚು ಒಟ್ಟಿಗೇ ಕತ್ತರಿಸಬೇಕು, ಕೈ ನೋಯುತ್ತೆ. ಸ್ವಲ್ಪ ಓರೆ ಮಾಡಿ ಒತ್ತಿದರೆ ಅಂಚು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗುತ್ತೆ, ಕಮ್ಮಿ ಬಲ ಸಾಕು. ಟೂಲಿಗೂ ಹಾಗೇ ಮಾಡಬಹುದು ಅಂತ ತೋರಿಸಲು ಟಿಫನ್ ಡಬ್ಬಿಯ ಮುಚ್ಚಳ ಹಿಡಿದು ನಿಂತರು. ಲೇತ್ ಮಿಷನ್ನಿನವರು, ಗೇಟಿನ ಸೆಕ್ಯೂರಿಟಿಯವರು, ಎಲ್ಲರೂ ಕರ್ಜಿಕಾಯಿ ಬಾಯಲ್ಲಿಟ್ಟುಕೊಂಡು ತಲೆಯಾಡಿಸಿದರು. ಇಷ್ಟು ಖುಷಿಯಿಂದ ಕೆಲಸ ಮಾಡುವವರನ್ನು ನಾನಂತೂ ಬೇರೆಲ್ಲೂ ನೋಡಿಲ್ಲ. ಬೆಳಿಗ್ಗೆ ಆ ಚಪ್ಪಲಿ ಸದ್ದು ಕೇಳಿದರೆ ನನಗೂ ಏನೋ ಹುರುಪು ಬರುತ್ತಿತ್ತು. ಕೋಪವೂ ಬರುತ್ತಿತ್ತು, ಅದು ಬೇರೆ.

ಈಗ ಬಸಣ್ಣನ ವಿಷಯಕ್ಕೆ ಬರ್ತೀನಿ. ಮೇಡಂ ಏನು ಅಂತ ತಿಳಿಯಬೇಕಾದರೆ ಇದೊಂದನ್ನು ಕೇಳಬೇಕು.

ಬಸಣ್ಣ ಕೊಪ್ಪಳದ ಕಡೆಯವನು. ನಮ್ಮ ನೂರು ಟನ್ನಿನ ದೊಡ್ಡ ಪ್ರೆಸ್ ನಡೆಸುತ್ತಿದ್ದ. ಮೇಡಂ ಸೇರುವುದಕ್ಕೆ ಮುಂಚೆ, ಅವನು ಕೆಲಸ ಮಾಡುತ್ತಿದ್ದಾಗಲೇ ಆ ಪ್ರೆಸ್ಸಿನಲ್ಲಿ ಪಂಚನ್ನು ಮೇಲೆಕೆಳಗೆ ಆಡಿಸುವ ದಪ್ಪ ಶಾಫ್ಟು ಮುರಿದು ಹೋಯಿತು. ಆಗ ಅದರ ಮೇಲಿದ್ದದ್ದು ಒಂದು ಜಾಲರಿಯ ಟೂಲ್. ಜನರೇಟರ್ ಪೆಟ್ಟಿಗೆಗೆ ಗಾಳಿಯಾಡಲು ಹಾಕುವ ತಗಡಿನ ಜಾಲರಿ, ಸುತ್ತ ಪುಸ್ತಕದ ಆಕಾರ, ಮಧ್ಯೆ ಉದ್ದುದ್ದ ಸೀಳು. ಸುತ್ತಲ ಆಕಾರವೂ ಸೀಳುಗಳೂ ಒಂದೇ ಏಟಿಗೆ ಕಟ್ ಆಗುತ್ತಿದ್ದವು. ಟೂಲ್ ಹೊರಗಡೆ ಮಾಡಿಸಿದ್ದು. ಅದರ ಪಕ್ಕದಲ್ಲಿ ಮಾಡಿದವರು ಎಪ್ಪತ್ತೆರಡು ಟನ್ ಅಂತ ಅಕ್ಷರ ಹೊಡೆದಿದ್ದರು.

ಓನರ್ ಲೆಕ್ಕ ನೇರವಾಗಿತ್ತು. ಎಪ್ಪತ್ತೆರಡು ಟನ್ ಕೇಳುವ ಟೂಲಿಗೆ ನೂರು ಟನ್ನಿನ ಪ್ರೆಸ್ ಮುರಿಯಲ್ಲ. ಮುರಿದಿದೆ ಅಂದರೆ ಇವನು ಎರಡು ಶೀಟ್ ಒಟ್ಟಿಗೆ ಇಟ್ಟಿದ್ದಾನೆ. ಎಣ್ಣೆ ಹಚ್ಚಿದ ಶೀಟುಗಳು ಒಂದಕ್ಕೊಂದು ಅಂಟಿಕೊಳ್ಳುವುದುಂಟು, ಗಮನವಿಲ್ಲದವರು ಹಾಗೇ ಇಟ್ಟು ಒತ್ತುವುದೂ ಉಂಟು. ಎಪ್ಪತ್ತೆರಡರ ಎರಡರಷ್ಟು ನೂರಾ ನಲವತ್ತನಾಲ್ಕು, ಅದಕ್ಕೇ ಮುರಿದಿದೆ ಅಂತ ತೀರ್ಮಾನವಾಯಿತು. "ನಾ ಒಂದ ಇಟ್ಟಿದ್ನಿರಿ. ಎರಡ ಇದ್ರ ನನ್ನ ಕೈಗೆ ತಿಳಿಯಂಗಿಲ್ಲೇನ್ರಿ?" ಅಂತ ಅವನು ಎಲ್ಲರ ಹತ್ತಿರ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಓನರ್ ಕೆಟ್ಟವರಲ್ಲ, ಇದನ್ನೂ ಹೇಳಬೇಕು. ಇಲ್ಲಿನ ಹಳೇ ಊರಿನವರೇ. ಅವರಪ್ಪ ರಾಗಿ ಬೆಳೀತಿದ್ದ ಹೊಲದಲ್ಲೇ ಶೆಡ್ ಹಾಕಿದ್ದು. ಆ ಪ್ರೆಸ್ ಅವರ ಮೊದಲ ದೊಡ್ಡ ಮಿಷನ್ನು, ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ ಕೈಮುಗಿಯುತ್ತಿದ್ದರು. ಅದು ಮುರಿದಾಗ ಮನೆಯ ಎತ್ತು ಸತ್ತ ಹಾಗೆ ಕೂತರು. ಬಸಣ್ಣನನ್ನು ಕೆಲಸದಿಂದ ತೆಗೆಯಲಿಲ್ಲ. ಪ್ರೆಸ್ ಮುಟ್ಟಬೇಡ ಅಂತ ಪ್ಯಾಕಿಂಗಿಗೆ ಹಾಕಿದರು. ನಮ್ಮ ಹುಡುಗರಿದ್ದಾರಲ್ಲ, ನಾಲಿಗೆಗೆ ಎಲುಬಿಲ್ಲ. ಊಟದ ಹೊತ್ತಲ್ಲಿ "ಬಸಣ್ಣ, ಚಪಾತಿ ಎರಡು ಅಂಟ್ಕೊಂಡಿದ್ಯಾ ನೋಡ್ಕೊ ಗುರು" ಅನ್ನೋರು. ಮೊದಮೊದಲು ಜಗಳಕ್ಕೆ ಹೋಗುತ್ತಿದ್ದ. ಆಮೇಲೆ ಡಬ್ಬಿ ತಗೊಂಡು ಹೊರಗೆ ನೀರಿನ ಟ್ಯಾಂಕಿನ ಹತ್ತಿರ ಹೋಗಿ ಒಬ್ಬನೇ ಉಣ್ಣತೊಡಗಿದ. ಅದು ಸಂಬಳದ ಮಾತಲ್ಲ. ಕೈಚಳಕದಿಂದ ಹೆಸರಾಗಿದ್ದವನಿಗೆ ಕೈಯೇ ಸುಳ್ಳು ಅಂದರೆ ಹೇಗಿರುತ್ತೆ.

ಜಾಲರಿಯ ಆರ್ಡರ್ ಆಗ ಬೇರೆ ಕಡೆ ಹೋಗಿತ್ತು. ಹೋದ ವರ್ಷ ವಾಪಸ್ ಬಂತು. ಓನರಿಗೆ ಖುಷಿಯೋ ಖುಷಿ. ಮೂಲೆಯಲ್ಲಿದ್ದ ಹಳೇ ಟೂಲ್ ತೊಳೆದು, ರಿಪೇರಿಯಾದ ಪ್ರೆಸ್ಸಿಗೆ ಹಾಕಲು ಹೇಳಿದರು. ಮೇಡಂ, "ನಾನು ಲೆಕ್ಕ ಹಾಕದೆ ಯಾವ ಟೂಲೂ ಹತ್ತಲ್ಲ," ಅಂತ ತಡೆದರು.

"ಅದರ ಮೇಲೇ ಬರೆದೈತಲ್ಲ ಮೇಡಂ," ಅಂದರು ಓನರ್.

"ಬರೆದವರು ನಾನಲ್ವಲ್ಲ ಸಾರ್."

ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಆಗುತ್ತಿತ್ತು. ಆದರೆ ಆ ಟೂಲಿನ ಡ್ರಾಯಿಂಗ್ ಇರಲಿಲ್ಲ, ಹಳೇ ಜಾಲರಿ ಒಂದು ಮಾತ್ರ ಸಿಕ್ಕಿತು. ಅದನ್ನು ಪ್ಯಾಕಿಂಗ್ ಮೇಜಿನ ಮೇಲಿಟ್ಟು, ಬ್ಯಾಗಿನಿಂದ ಹೂ ಕಟ್ಟುವ ದಾರದ ಉಂಡೆ ತೆಗೆದರು. ಅಂಚಿನ ಉದ್ದಕ್ಕೂ ದಾರ ಓಡಿಸಿ, ಆಮೇಲೆ ದಾರ ಅಳೆಯುವುದು ಅವರ ಪದ್ಧತಿ. ಹತ್ತಿರ ಇದ್ದವನು ಬಸಣ್ಣ. "ಬಸಣ್ಣ, ಈ ತುದಿ ಹಿಡ್ಕೊಳ್ಳಪ್ಪ," ಅಂದರು. ಹಿಡಿದ. ಸುತ್ತಲ ನಾಲ್ಕು ಅಂಚು ಮುಗಿಸಿ ದಾರ ಕತ್ತರಿಸಿ ಅಳೆದು, ತಗಡಿನ ದಪ್ಪ, ಹಟ ಎಲ್ಲ ಗುಣಿಸಿದರು. ಎಪ್ಪತ್ತೆರಡು. ಟೂಲಿನ ಮೇಲೆ ಇದ್ದದ್ದೂ ಅದೇ. ಬಸಣ್ಣ ದಾರದ ತುದಿ ಬಿಟ್ಟು ತನ್ನ ರಟ್ಟಿನ ಡಬ್ಬಗಳ ಕಡೆ ತಿರುಗಿಕೊಂಡ.

"ಎಲ್ಲಿಗೆ ಹೊರಟೆ? ಸೀಳು ಯಾರು ಅಳೀತಾರೆ?" ಅಂದರು ಮೇಡಂ.

ಒಂದೊಂದೇ ಸೀಳಿನ ಒಳಗೆ ದಾರ ಓಡತೊಡಗಿತು. ಹೋಗುವಾಗ ಒಂದು ಅಂಚು, ಬರುವಾಗ ಒಂದು ಅಂಚು. ನಾನು ಸುಮ್ಮನೆ ನೋಡುತ್ತಿದ್ದೆ. ಸೀಳು ಬೆರಳು ತೂರದಷ್ಟು ಸಣ್ಣ. ಅದರಿಂದ ಬೀಳುವ ಚೂರು ನೋಡಿದರೆ ಇಷ್ಟಕ್ಕೆಲ್ಲ ಏನು ಬಲ ಬೇಕು ಅನಿಸುತ್ತೆ. ಜಾಲರಿ ಅಂದರೆ ಹಗುರ ಅಲ್ವಾ, ಅರ್ಧ ತೂತೇ. ನಾವೆಲ್ಲ ಹಾಗೇ ತಿಳಿದಿದ್ದೆವು, ಟೂಲ್ ಮಾಡಿದವರೂ ಹಾಗೇ ತಿಳಿದು ಸುತ್ತಳತೆಯನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು. ದಾರ ಮಾತ್ರ ಮುಗಿಯುತ್ತಲೇ ಇಲ್ಲ. ಕೊನೆಗೆ ಸೀಳುಗಳ ದಾರ ಕತ್ತರಿಸಿ ಮೊದಲಿನ ದಾರದ ಪಕ್ಕ ಮೇಜಿನ ಮೇಲೆ ಎಳೆದಿಟ್ಟರು. ಎರಡೂ ಒಂದೇ ಉದ್ದ.

ಮೇಡಂ ಎರಡು ದಾರದ ತುದಿಯನ್ನೂ ಇನ್ನೊಮ್ಮೆ ಜೋಡಿಸಿ ನೋಡಿದರು. ಆಮೇಲೆ ಮೇಜಿಗೆ ಗುದ್ದಿದ ಏಟಿಗೆ ಜಾಲರಿ ಹಾರಿ ಕೆಳಗೆ ಬಿತ್ತು.

"ಅಂದ್ರ ಏನ್ರಿ ಮೇಡಂ?" ಅಂದ ಬಸಣ್ಣ.

"ಅಂದ್ರೆ ಇನ್ನೊಂದು ಎಪ್ಪತ್ತೆರಡು ಕಣಪ್ಪ. ಒಂದೇ ಶೀಟಿಗೆ ನೂರಾ ನಲವತ್ತನಾಲ್ಕು ಟನ್. ನೀನು ಒಂದೇ ಇಟ್ಟಿದ್ದೆ. ದಿನಾ ಒಂದೇ ಇಟ್ಟೆ, ದಿನಾ ಆ ಪ್ರೆಸ್ಸು ತಡೆಯಲಾರದ ಪೆಟ್ಟು ತಿಂತು, ಒಂದಿನ ಮುರೀತು."

ಅವನ ಮುಖ ನೋಡಲು ಅವರಿಗೆ ಪುರುಸೊತ್ತಿಲ್ಲ, ಎರಡೂ ದಾರ ಕೈಲಿ ಹಿಡಿದು ಓನರ್ ಕ್ಯಾಬಿನ್ನಿಗೆ ಓಡಿದರು. ನಾನೂ ಹಿಂದೆ ಓಡಿದೆ.

ಓನರ್ ದಾರ ನೋಡಿದರು, ಮೇಡಂ ಮುಖ ನೋಡಿದರು. "ಅಂಗಂದ್ರೆ ಆರ್ಡರ್ ಬಿಟ್ಬುಡೋದಾ?" ಅಂದರು. ಅವರ ಚಿಂತೆ ಅವರಿಗೆ.

"ಯಾಕೆ ಬಿಡ್ತೀರಾ? ಸೀಳು ಕತ್ತರಿಸೋ ಪಂಚುಗಳನ್ನ ಗ್ರೈಂಡ್ ಮಾಡಿ ತಗಡಿನ ದಪ್ಪಕ್ಕಿಂತ ಒಂದು ಕೂದಲು ಜಾಸ್ತಿ ಗಿಡ್ಡ ಮಾಡ್ತೀನಿ. ಮೊದಲು ಸುತ್ತಲ ಅಂಚು ಕಟ್ ಆಗುತ್ತೆ, ಅದು ಮುಗಿದ್ಮೇಲೆ ಸೀಳು ಕಟ್ ಆಗುತ್ತೆ. ಎರಡೂ ಒಟ್ಟಿಗೆ ಬೀಳಲ್ಲ. ಒಂದೊಂದ್ಸಲಕ್ಕೆ ಎಪ್ಪತ್ತೆರಡೇ. ನಮ್ಮ ಪ್ರೆಸ್ಸು ಆರಾಮಾಗಿ ತಡೆಯುತ್ತೆ."

"ಸರಿ, ಇವತ್ತೇ ಮಾಡ್ಸಿ ಮತ್ತೆ."

"ಇವತ್ತು ಮಾಡಲ್ಲ ಸಾರ್. ಗ್ರೈಂಡ್ ಮಾಡಿದ್ರೆ ಸಾಕ್ಷಿ ಹೋಯ್ತು. ಎದುರು ರಸ್ತೆ ಯೂನಿಟ್ಟಲ್ಲಿ ಇನ್ನೂರು ಟನ್ನಿನ ಪ್ರೆಸ್ ಇದೆ, ಎಷ್ಟು ಬಲ ಬಿತ್ತು ಅಂತ ನಂಬರ್ ತೋರಿಸುತ್ತೆ. ಟೂಲ್ ಹೇಗಿದೆಯೋ ಹಾಗೇ ಅಲ್ಲಿಗೆ ಒಯ್ದು ಒಂದೇ ಶೀಟ್ ಹೊಡೆಯೋಣ. ಎಪ್ಪತ್ತೆರಡು ಬಂದ್ರೆ ನೀವು ಹೇಳಿದ್ದೇ ಸರಿ."

ಓನರಿಗೆ ಇದು ಹಿಡಿಸಲಿಲ್ಲ. "ಲೆಕ್ಕ ಆಯ್ತಲ್ಲ, ಬುಡಿ. ಹೊರಗಿನೋರ ಮುಂದೆ ಹೋಗಿ ನಮ್ಮ ಮಾನ ಕಳ್ಕೊಳ್ಳೋದ್ಯಾಕೆ."

"ಮಾನ ಆಗ್ಲೇ ಹೋಗಿದೆ ಸಾರ್. ಬಸಣ್ಣಂದು."

ಓನರ್ ಆ ಕಡೆ ತಿರುಗಿ ಕೂತರು. ಮೇಡಂ ಹೊರಗೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೇ ಕೂತುಬಿಟ್ಟರು. ಹಿಂದೊಮ್ಮೆ ಸ್ಟೇನ್‌ಲೆಸ್ ಸ್ಟೀಲಿಗೆ ಅತ್ತೆಯ ಹೆಸರಿಟ್ಟವರು ಇವರೇನಾ ಅನಿಸಿತು. ಕೊನೆಗೆ ಓನರೇ ಸೋತು ಎದುರು ಯೂನಿಟ್ಟಿಗೆ ಫೋನ್ ಮಾಡಿದರು.

ಮಾರನೇ ದಿನ ಊಟದ ಬಿಡುವಿನಲ್ಲಿ ಟೂಲನ್ನು ಟ್ರಾಲಿಯಲ್ಲಿಟ್ಟು ರಸ್ತೆ ದಾಟಿಸಿದೆವು. ಲಾರಿ, ಆಟೋ, ಸ್ಕೂಟರ್ ಎಲ್ಲ ನಿಲ್ಲಿಸಿ ದಾರಿ ಬಿಡಿಸಿದ್ದು ನಾನು. ನಮ್ಮ ಪ್ರೆಸ್ ಶಾಪಿನವರೆಲ್ಲ ಊಟ ಬಿಟ್ಟು ಹಿಂದೆ ಬಂದರು. ಚಪಾತಿ ಜೋಕ್ ಮಾಡುತ್ತಿದ್ದವರೂ ಬಂದರು. ಅಲ್ಲಿನವರೂ ಸುತ್ತ ನಿಂತರು. ಟೂಲ್ ಕೂರಿಸಿ, ಡೈ ಮೇಲೆ ಹಾಳೆ ಇಟ್ಟು, ಪಂಚ್ ಸರಿಯಾಗಿ ಇಳಿಯುತ್ತಾ ಅಂತ ಮೇಡಂ ಮೊದಲು ಕಾಗದವನ್ನು ಕತ್ತರಿಸಿ ನೋಡಿದರು. ಆಮೇಲೆ ಬಸಣ್ಣನನ್ನು ಕರೆದರು.

"ಅವ್ನೇ ಒತ್ತಬೇಕಾ?" ಅಂದರು ಓನರ್.

"ಅವರೇ."

ಬಸಣ್ಣ ಬರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ. "ಬ್ಯಾಡ್ರಿ ಮೇಡಂ. ಎಪ್ಪತ್ತೆರಡ ಬಂದ್ರ ಏನ್ ಮಾಡ್ಲಿರಿ? ಈಗರ ಸುಮ್ಮ ಅಂತಾರ. ಆಮ್ಯಾಲ ಖರೇನ ಆಕ್ಕೈತಿ."

ಹೌದಲ್ಲ, ಈ ನಂಬರ್ ತಪ್ಪಿದರೆ ಅವನು ಊರಿಗೆ ಹೋಗುವುದೊಂದೇ ಉಳಿಯುತ್ತಿತ್ತು. ಮೇಡಂ ಅವನ ಹತ್ತಿರ ಹೋದರು. ಯಾವತ್ತೂ ಇಲ್ಲದ ಹಾಗೆ ದನಿ ತಗ್ಗಿಸಿದರು.

"ನಂಗೂ ಭಯ ಇದೆ ಬಸಣ್ಣ. ರಾತ್ರಿಯಿಂದ ಮೂರು ಸಲ ಗುಣಿಸಿದೀನಿ. ಆದ್ರೂ ಬಾ, ಒತ್ತು."

ಅವನು ಬಂದ. ಶೀಟ್ ಎತ್ತಿಕೊಂಡು, ತಿರುಗಿಸಿ, ಅಂಚಿಗೆ ಉಗುರು ಹಾಕಿ ನೋಡಿ, ಡೈ ಮೇಲೆ ಇಟ್ಟ. ಎರಡು ಕೈಯನ್ನೂ ಎರಡು ಬಟನ್ನಿನ ಮೇಲಿಟ್ಟ. ಒತ್ತಿದ.

ಧಡ್ ಅಂತು. ನೆಲ ಅದುರಿತು. ಎಲ್ಲರ ಕಣ್ಣೂ ಮೇಲಿನ ಕೆಂಪು ನಂಬರಿನ ಮೇಲೆ.

ನೂರಾ ನಲವತ್ತೊಂದು.

ನನಗೆ ನೆನಪಿರುವುದು ಗದ್ದಲ. ಯಾರೋ ಶಿಳ್ಳೆ ಹೊಡೆದರು, ಯಾರೋ ಬಸಣ್ಣನ ಬೆನ್ನಿಗೆ ಹೊಡೆದರು, ನಾನು ಆ ಯೂನಿಟ್ಟಿನ ಗುರುತಿಲ್ಲದ ಮನುಷ್ಯನನ್ನು ತಬ್ಬಿಕೊಂಡುಬಿಟ್ಟಿದ್ದೆ. ಚಪಾತಿ ಜೋಕಿನ ಹುಡುಗರಲ್ಲಿ ಒಬ್ಬ ಬಂದು "ತಪ್ಪಾಯ್ತು ಅಣ್ಣ" ಅಂದ. ಮೇಡಂ ಎಲ್ಲಿ ಅಂತ ನೋಡಿದರೆ, ಗುದ್ದಲು ಮೇಜಿಲ್ಲದೆ, ಎಣ್ಣೆ ಡ್ರಮ್ಮಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಮೂರು ಟನ್ ವ್ಯತ್ಯಾಸ ಯಾಕೆ ಬಂತು ಅಂತ ಆಮೇಲೆ ವಾರವಿಡೀ ನನ್ನ ತಲೆ ತಿಂದರು, ಆದರೆ ಆ ಹೊತ್ತಿನಲ್ಲಿ ಅದೂ ಬೇಕಿರಲಿಲ್ಲ.

ಬಸಣ್ಣ ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ. ನಂಬರನ್ನೇ ನೋಡುತ್ತಿದ್ದ. ಗದ್ದಲ ಸ್ವಲ್ಪ ಇಳಿದ ಮೇಲೆ, ಕೇಳಿಯೂ ಕೇಳದ ಹಾಗೆ, "ಇನ್ನೊಮ್ಮಿ ಒತ್ಲೇನ್ರಿ?" ಅಂದ.

ಮೇಡಂ ಮುಖ ಎತ್ತಿದರು. ಬಾಯಿ ತೆರೆದರು, ಆದರೆ ಅಷ್ಟರಲ್ಲಿ ಓನರ್ ಮುಂದೆ ಬಂದಿದ್ದರು. ಬಿಳಿ ಶರ್ಟಿನ ತೋಳು ಮಡಚಿದರು. ವರ್ಷಗಳಿಂದ ಶೀಟಿಗೆ ಕೈ ಹಚ್ಚದ ಮನುಷ್ಯ, ಬಗ್ಗಿ ಎಣ್ಣೆ ಶೀಟ್ ಒಂದನ್ನು ತಾವೇ ಎತ್ತಿ, ಡೈ ಮೇಲೆ ಇಟ್ಟು, ಎರಡು ಕೈಯಿಂದ ಮೆಲ್ಲಗೆ ಸರಿಸಿ ಕೂರಿಸಿದರು. ಶರ್ಟಿನ ಮುಂಭಾಗವೆಲ್ಲ ಎಣ್ಣೆಯಾಯಿತು. ಹಿಂದಕ್ಕೆ ಸರಿದು ನಿಂತು, ತಲೆ ಎತ್ತದೆ, "ಒತ್ತಪ್ಪ," ಅಂದರು.

ಬಸಣ್ಣ ಒತ್ತಿದ.